ಶಾಂಪೂ ಪಾಕೀಟಿನ ಹಿಂಬದಿ ಓದುವುದು ಹೇಗೆ?

ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಕೂಡುವುದು ಹುಮನಾಬಾದ್‌ನಲ್ಲಿ. ಹಾಗಾಗಿ ಇಲ್ಲಿನ ಕಿರಾಣಿ ಅಂಗಡಿಗೂ ಫ್ಯಾನ್ಸಿ ಸ್ಟೋರಿಗೂ ಮಾಲು ನಾಲ್ಕು ದಿಕ್ಕಿನಿಂದ ಬಂದು ಬೀಳುತ್ತದೆ. ಅದೇ ಹೆದ್ದಾರಿಯ ಮಗ್ಗುಲಲ್ಲಿರುವ ಬಸವಕಲ್ಯಾಣದ ಪೇಟೆಯೂ ಇದಕ್ಕಿಂತ ಬೇರೆಯಲ್ಲ. ಬಾಗಿಲಿಗೆ ತೂಗುಬಿಟ್ಟ ಶಾಂಪೂ ಸರ, ಗಾಜಿನ ಕಪಾಟಿನೊಳಗೆ ಫೇಸ್ ಕ್ರೀಮು, ಕಾಜಲ್, ಲಿಪ್‌ಸ್ಟಿಕ್. ಈಚಿನ ವರ್ಷಗಳಲ್ಲಿ ಇವುಗಳ ಮೈಮೇಲೆ ಹಸಿರು ಎಲೆಯ ಚಿತ್ರ ದಟ್ಟವಾಗಿ ಬೆಳೆದಿದೆ. ಒಂದರ ಮೇಲೆ ‘ನ್ಯಾಚುರಲ್’, ಇನ್ನೊಂದರ ಮೇಲೆ ‘ಇಕೋ ಫ್ರೆಂಡ್ಲಿ’, ಮತ್ತೊಂದರ ಮೇಲೆ ‘ಕ್ರುಯೆಲ್ಟಿ ಫ್ರೀ’. ಸನ್‌ಸ್ಕ್ರೀನ್ ಕೊಳವೆಯೊಂದು ತಾನು ಹವಳದ ದಿಬ್ಬಗಳಿಗೆ ಹಾನಿ ಮಾಡುವುದಿಲ್ಲವೆಂದು ಹೇಳಿಕೊಳ್ಳುತ್ತದೆ. ಸಮುದ್ರ ನೋಡಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ಬೀದರ್ ಜಿಲ್ಲೆಯವರಿಗೆ ಆ ಭರವಸೆಯಿಂದ ಆಗಬೇಕಾದದ್ದು ಅಷ್ಟರಲ್ಲೇ ಇದೆ. ಇಲ್ಲಿಯವರು ಕೇಳಬೇಕಾದದ್ದು ಕಾರಂಜಾ ಜಲಾಶಯದ ನೀರು, ಮನೆ ಮುಂದಿನ ಚರಂಡಿ, ಹೊಲದ ಬಾವಿಯ ಮಾತು.

ಒಂದು ಬ್ರ್ಯಾಂಡು ಪರಿಸರಕ್ಕೆ ಎಷ್ಟು ಒಳ್ಳೆಯದು ಎಂದು ಅಳೆಯುವ ಮೊದಲು ಅದು ತನ್ನ ಬಗ್ಗೆ ಎಷ್ಟು ಬಿಚ್ಚಿಡುತ್ತದೆ ಎಂದು ನೋಡಬೇಕು. ಏನು ಹಾಕಿದ್ದಾರೆ, ಎಲ್ಲಿ ತಯಾರಿಸಿದ್ದಾರೆ, ಖಾಲಿ ಪಾಕೀಟು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಸಂಗತಿ ತಿಳಿಯದಿದ್ದರೆ ‘ಹಸಿರು’ ಎಂಬ ಮಾತನ್ನು ಪರೀಕ್ಷಿಸುವುದಕ್ಕೆ ದಾರಿಯೇ ಇಲ್ಲ.

ಪಟ್ಟಿಯೇ ಇಲ್ಲದ ಪಾಕೀಟು

ಸೌಂದರ್ಯವರ್ಧಕಗಳಿಗೆ ನಮ್ಮಲ್ಲಿ ಅನ್ವಯಿಸುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ ಅದರಡಿಯ 2020ರ ಕಾಸ್ಮೆಟಿಕ್ಸ್ ನಿಯಮಗಳು. ತಯಾರಕರ ಹೆಸರು, ಕಾರ್ಖಾನೆಯ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವ ತಾರೀಖಿನೊಳಗೆ ಬಳಸಬೇಕು ಎಂಬುದೆಲ್ಲ ಲೇಬಲ್ ಮೇಲೆ ಇರಬೇಕು. ಒಳಗಿನ ಪದಾರ್ಥಗಳಲ್ಲಿ ಶೇ 1ಕ್ಕಿಂತ ಹೆಚ್ಚಿರುವವನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು.

ಓದಲು ಬಂದವರಿಗೆ ಈ ಕ್ರಮವೊಂದೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಮುಂಬದಿಯಲ್ಲಿ ದೊಡ್ಡ ಲೋಳೆಸರದ ಚಿತ್ರ. ಹಿಂಬದಿಯ ಪಟ್ಟಿಯಲ್ಲಿ ಮೊದಲು ನೀರು, ಆಮೇಲೆ ನೊರೆ ಬರಿಸುವ ಸೋಡಿಯಂ ಲಾರೆತ್ ಸಲ್ಫೇಟ್, ಸುಗಂಧ, ಸಂರಕ್ಷಕ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಲೋಳೆಸರ. ಸುಗಂಧ ಮತ್ತು ಸಂರಕ್ಷಕಗಳನ್ನು ಸಾಮಾನ್ಯವಾಗಿ ಹಾಕುವುದೇ ಶೇ 1ರ ಆಸುಪಾಸು. ಅವುಗಳ ಹಿಂದೆ ನಿಂತ ಲೋಳೆಸರದ ಪಾಲು ಎಷ್ಟಿರಬಹುದೆಂದು ಯಾರಾದರೂ ಊಹಿಸಬಹುದು.

ಆದರೆ ನಿಯಮದಲ್ಲೊಂದು ಕಿಂಡಿ ಇದೆ. 60 ಮಿಲಿಲೀಟರ್‌ಗಿಂತ ಕಡಿಮೆ ದ್ರವ, 30 ಗ್ರಾಂಗಿಂತ ಕಡಿಮೆ ಘನ ಅಥವಾ ಅರೆಘನ ವಸ್ತುವಿನ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಹಾಕಲೇಬೇಕೆಂದಿಲ್ಲ. ಅಂದರೆ ಹಳ್ಳಿಯ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಒಂದೆರಡು ರೂಪಾಯಿಯ ಶಾಂಪೂ ಪಾಕೀಟು ಕಾನೂನಿನ ಪ್ರಕಾರವೇ ಮೌನವಾಗಿರಬಹುದು. ದೊಡ್ಡ ಬಾಟಲಿ ಕೊಳ್ಳುವ ನಗರದವರಿಗೆ ಮಾಹಿತಿ, ದಿನಗೂಲಿಯಲ್ಲಿ ಪಾಕೀಟು ಕೊಳ್ಳುವವರಿಗೆ ಬರಿಯ ಎಲೆಯ ಚಿತ್ರ! ಜಾಗ ಚಿಕ್ಕದು ಎಂಬ ಸಬೂಬನ್ನು ಕ್ಯೂಆರ್ ಕೋಡ್ ಬಂದಿರುವ ಈ ಕಾಲದಲ್ಲಿ ಒಪ್ಪುವುದು ಕಷ್ಟ. ಕಡ್ಡಾಯವಿಲ್ಲದಿದ್ದರೂ ಪಾಕೀಟಿನ ಮೇಲೆ ಪಟ್ಟಿ ಹಾಕುವ ಕಂಪನಿಗಳೂ ಇವೆ. ಅಂಥ ಬ್ರ್ಯಾಂಡಿಗೆ ಮೊದಲ ಅಂಕ ಧಾರಾಳವಾಗಿ ಕೊಡಬಹುದು.

ಪಾಕೀಟಿನ ಕಥೆ ದಕ್ಷಿಣ ಭಾರತದ್ದೇ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಪುಟ್ಟ ಪಾಕೀಟಿಗಿಳಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಶಾಂಪೂವಿನೊಂದಿಗೆ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಬಡವರ ಕೈಗೆ ಶಾಂಪೂ ಎಟುಕಿದ್ದು ನಿಜ. ಪಾಕೀಟು ಮಾತ್ರ ಹಲವು ಪದರಗಳನ್ನು ಅಂಟಿಸಿದ ಪ್ಲಾಸ್ಟಿಕ್. ಪದರ ಬಿಡಿಸಿ ಮತ್ತೆ ಬಳಸುವುದು ಲಾಭದ ಕೆಲಸವಲ್ಲ. ಚಿಂದಿ ಆಯುವವರು ಬಾಟಲಿ ಎತ್ತಿಕೊಳ್ಳುತ್ತಾರೆ, ಪಾಕೀಟನ್ನು ಮುಟ್ಟುವುದಿಲ್ಲ.

2022ರ ಫೆಬ್ರುವರಿಯಲ್ಲಿ ಬಂದ ಮಾರ್ಗಸೂಚಿಯಂತೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾಲು ಮಾರುವ ಬ್ರ್ಯಾಂಡುಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ಗೆ ಲೆಕ್ಕ ಒಪ್ಪಿಸಬೇಕು. ನೋಂದಾಯಿತರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಗಟ್ಟಿ ಬಾಟಲಿ ಮೊದಲ ವರ್ಗ, ಬಹುಪದರದ ಪಾಕೀಟು ಮೂರನೆಯ ವರ್ಗ. 2025–26ರಲ್ಲಿ ಗಟ್ಟಿ ಪೊಟ್ಟಣದಲ್ಲಿ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂಬ ಗುರಿಯಿದ್ದರೆ, ಬಹುಪದರದ್ದಕ್ಕೆ ಬರೀ ಶೇ 5. ಮರುಬಳಕೆ ಮಾಡಲಾಗದ್ದನ್ನು ರಸ್ತೆ ಡಾಂಬರಿಗೋ ಸಿಮೆಂಟ್ ಗೂಡಿಗೋ ಹಾಕಬಹುದು. ಪಕ್ಕದ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಇಂಥ ದೊಡ್ಡ ಸಿಮೆಂಟ್ ಗೂಡುಗಳಿವೆ. ಗೂಡಿನಲ್ಲಿ ಸುಟ್ಟದ್ದನ್ನು ‘ಮರುಬಳಕೆ’ ಎಂದು ಜಾಹೀರಾತಿನಲ್ಲಿ ಹೇಳಿಕೊಂಡರೆ ಅದು ತಪ್ಪು ಲೆಕ್ಕ.

‘ನಾವು ಬಳಸಿದ್ದಕ್ಕಿಂತ ಹೆಚ್ಚು ಪ್ಲಾಸ್ಟಿಕ್ ಹಿಂದಕ್ಕೆ ಪಡೆಯುತ್ತೇವೆ’ ಎಂಬ ಘೋಷಣೆಯನ್ನೂ ಎರಡು ಬಾರಿ ಓದಬೇಕು. ಇದರ ಬೆನ್ನಿಗೆ ಇರುವುದು ಮರುಬಳಕೆ ಘಟಕಗಳಿಂದ ಕೊಂಡ ಪ್ರಮಾಣಪತ್ರಗಳು. 2023ರಲ್ಲಿ ಮಂಡಳಿ ತಪಾಸಣೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವೇ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬಯಲಾಗಿತ್ತು. ಬ್ರ್ಯಾಂಡು ಯಾವ ಘಟಕದಿಂದ ಎಷ್ಟು ಟನ್‌ಗೆ ಪ್ರಮಾಣಪತ್ರ ಪಡೆಯಿತು ಎಂದು ಹೆಸರು ಹೇಳದಿದ್ದರೆ ಘೋಷಣೆಯನ್ನು ಪಕ್ಕಕ್ಕಿಡುವುದೇ ಸರಿ.

ಇನ್ನು ಮುಖ ಉಜ್ಜುವ ಸ್ಕ್ರಬ್‌ನಲ್ಲಿ ಪಾಲಿಎಥಿಲೀನ್ ಎಂಬ ಹೆಸರು ಕಂಡರೆ ಅದು ಪ್ಲಾಸ್ಟಿಕ್ಕೇ. ಚರಂಡಿಗೆ ಹೋಗಿ ಅಲ್ಲೇ ಉಳಿಯುತ್ತದೆ. ಕಡಲೆ ಹಿಟ್ಟು, ಹೆಸರು ಹಿಟ್ಟು ಕೈಗೆಟುಕುವ ಊರಿನಲ್ಲಿ ಇದಕ್ಕೆ ಹಣ ಕೊಡುವುದು ವ್ಯರ್ಥ.

ಕಲ್ಯಾಣದ ರಾಜನ ಪಟ್ಟಿ

ಪದಾರ್ಥಗಳನ್ನು ಬರೆದಿಡುವ ಅಭ್ಯಾಸ ಬಸವಕಲ್ಯಾಣಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸ್ನಾನಕ್ಕೆ, ಮೈಗೆ ಹಚ್ಚುವ ಲೇಪನಕ್ಕೆ ಬೇರೆ ಬೇರೆ ಭಾಗಗಳಿವೆ. ಏನೇನು ಬೆರೆಸಬೇಕೆಂದು ಅಲ್ಲಿ ಬಿಡಿಸಿ ಹೇಳಿದೆ. ಹಾಗೆಂದು ‘ಹಿಂದಿನದೆಲ್ಲ ಪರಿಸರಸ್ನೇಹಿ’ ಎಂದು ಕುಣಿಯುವ ಹಾಗಿಲ್ಲ. ಆ ಕಾಲದ ಅರಮನೆಗಳ ಲೇಪನದಲ್ಲಿ ಗಂಧ, ಕರ್ಪೂರ, ಕೇಸರಿಗಳ ಜೊತೆಗೆ ಕಸ್ತೂರಿಯೂ ಇತ್ತು. ಕಸ್ತೂರಿ ಬರುತ್ತಿದ್ದುದು ಮೃಗವನ್ನು ಕೊಂದು. ನೈಸರ್ಗಿಕವಾದದ್ದು ತಾನೇ ತಾನಾಗಿ ನಿರಪಾಯವೂ ಆಗುವುದಿಲ್ಲ. ಸಾಂಪ್ರದಾಯಿಕ ಸುರ್ಮಾದ ಮೂಲವಾದ ಗೆಲೀನಾ ಎಂಬ ಕಲ್ಲು ಸೀಸದ ಸಲ್ಫೈಡ್. ಜಾತ್ರೆ, ಉರುಸುಗಳಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವ ಸುರ್ಮಾವನ್ನು ಮಕ್ಕಳ ಕಣ್ಣಿಗೆ ಹಚ್ಚದಿರುವುದೇ ಒಳ್ಳೆಯದು. ಅರಿಶಿನ–ಸುಣ್ಣದ ಕುಂಕುಮದ ಹೆಸರಿನಲ್ಲಿ ಬರುವ ಕೃತಕ ಬಣ್ಣಕ್ಕೂ ಇದೇ ಮಾತು.

‘ಕ್ರುಯೆಲ್ಟಿ ಫ್ರೀ’ ಮುದ್ರೆಗೂ ಸ್ವಲ್ಪ ಹಿನ್ನೆಲೆ ಬೇಕು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಹಾಗೆ ಪರೀಕ್ಷಿಸಿದ್ದರ ಆಮದನ್ನೂ ಅದೇ ವರ್ಷ ತಡೆಯಿತು. ಕಾನೂನಿಗೆ ತಲೆಬಾಗಿದ್ದನ್ನೇ ಪುಣ್ಯಕಾರ್ಯವೆಂದು ಬರೆದುಕೊಂಡರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಮುದ್ರೆಗಳಲ್ಲೂ ತರತಮವಿದೆ. ಲೀಪಿಂಗ್ ಬನ್ನಿ ಎಂಬ ಮುದ್ರೆ ಕಚ್ಚಾವಸ್ತು ಪೂರೈಕೆದಾರರ ತನಕ ಹೋಗಿ ಲೆಕ್ಕ ಕೇಳುತ್ತದೆ. ಪ್ರಾಣಿಹಕ್ಕು ಸಂಘಟನೆ ಪೆಟಾದ ಪಟ್ಟಿ ಮುಖ್ಯವಾಗಿ ಕಂಪನಿ ಕೊಡುವ ಮುಚ್ಚಳಿಕೆಯ ಮೇಲೆ ನಿಂತಿದೆ. ಯೂರೋಪಿನ ಕಾಸ್ಮಾಸ್ ಸಂಸ್ಥೆಯ ಆರ್ಗ್ಯಾನಿಕ್ ಮುದ್ರೆ ಸಿಗಲು ಮೈಗೆ ಹಚ್ಚಿ ಬಿಡುವ ವಸ್ತುವಿನಲ್ಲಿ ಒಟ್ಟು ತೂಕದ ಶೇ 20, ತೊಳೆದು ಹೋಗುವ ವಸ್ತುವಿನಲ್ಲಿ ಶೇ 10ರಷ್ಟು ಸಾವಯವ ಪದಾರ್ಥ ಇರಬೇಕು. ಬಾಟಲಿಯ ಬಹುಪಾಲು ನೀರೇ ಆದ್ದರಿಂದ ಈ ಲೆಕ್ಕ. ಗುತ್ತಿಗೆ ಪಡೆದವರಂತೆ ‘ನೂರಕ್ಕೆ ನೂರು ಆರ್ಗ್ಯಾನಿಕ್ ಶಾಂಪೂ’ ಎಂದು ಹೇಳುವ ಬ್ರ್ಯಾಂಡಿಗೆ ಪ್ರಮಾಣಪತ್ರದ ಸಂಖ್ಯೆ ಕೇಳಿನೋಡಬಹುದು. ನಮ್ಮ ಸರ್ಕಾರದ ಇಕೋಮಾರ್ಕ್ 1991ರಿಂದ ಇದೆ, 2024ರಲ್ಲಿ ಅದಕ್ಕೆ ಹೊಸ ನಿಯಮ ಬಂತು. ಅದರ ಮಣ್ಣಿನ ಮಡಕೆಯ ಗುರುತನ್ನು ಅಂಗಡಿಯಲ್ಲಿ ಕಂಡವರು ವಿರಳ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಲ್ಲಿ ನಿಜವಾಗಿ ನೆರವಿಗೆ ಬರುತ್ತದೆ. ‘ಗ್ರೀನ್’, ‘ಇಕೋ ಫ್ರೆಂಡ್ಲಿ’, ‘ಕ್ರುಯೆಲ್ಟಿ ಫ್ರೀ’, ‘ಸಸ್ಟೇನಬಲ್’ ಮುಂತಾದ ಪದ ಬಳಸಿದರೆ ಅದು ಇಡೀ ವಸ್ತುವಿಗೋ, ಡಬ್ಬಿಗೋ, ತಯಾರಿಕೆಗೋ ಎಂದು ಬಿಡಿಸಿ ಹೇಳಬೇಕು. ಆಧಾರವನ್ನು ಜಾಹೀರಾತಿನಲ್ಲೇ ಅಥವಾ ಕ್ಯೂಆರ್ ಕೋಡ್ ಮೂಲಕ ಕೊಡಬೇಕು. ಆದರೆ ‘ಪರಿಸರ ಕಾಳಜಿಯೊಂದಿಗೆ ಬೆಳೆಯುವುದು ನಮ್ಮ ಗುರಿ’ ಎಂಬಂಥ ಕಂಪನಿಯ ಸಾಮಾನ್ಯ ಆಶಯದ ಮಾತು ಈ ಹಿಡಿತಕ್ಕೆ ಸಿಗುವುದಿಲ್ಲ. ‘ನಮ್ಮ ಎಲ್ಲ ಉತ್ಪನ್ನಗಳೂ ಹಾಗೇ ತಯಾರಾಗುತ್ತವೆ’ ಎಂದರೆ ಸಿಗುತ್ತದೆ. ಜಾಣ ಬ್ರ್ಯಾಂಡುಗಳು ಯಾವ ವಾಕ್ಯ ಆರಿಸಿಕೊಳ್ಳುತ್ತವೆ ಎಂಬುದನ್ನು ಗಮನಿಸಿದರೆ ಸಾಕು.

ಮೈಸೂರು ಸ್ಯಾಂಡಲ್ ಮೇಲೊಂದು ಪ್ರಯೋಗ

ಕನ್ನಡಿಗರ ಬಚ್ಚಲುಮನೆಯ ಪರಿಚಿತ ಸಾಬೂನನ್ನೇ ಒರೆಗೆ ಹಚ್ಚಿ ನೋಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, ಎಣ್ಣೆ ತೆಗೆಯುವ ಕಾರ್ಖಾನೆ ಹುಟ್ಟಿತು. ಅದರ ಬೆನ್ನಿಗೇ ಸಾಬೂನು. ರಸಾಯನ ತಜ್ಞ ಎಸ್.ಜಿ. ಶಾಸ್ತ್ರಿ ಅದರ ಶಿಲ್ಪಿ. 1980ರಲ್ಲಿ ಇದೆಲ್ಲ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಆ ಸೂಚಕ ಊರಿನ ಗುರುತಷ್ಟೇ, ಪರಿಸರದ ಸರ್ಟಿಫಿಕೇಟ್ ಅಲ್ಲ.

ಪೊಟ್ಟಣದ ಮೇಲೆ ‘ಗ್ರೇಡ್ 1’ ಎಂದಿದೆ. ಸ್ನಾನದ ಸೋಪಿನಲ್ಲಿ ಒಟ್ಟು ಕೊಬ್ಬಿನಂಶ, ಅಂದರೆ ಟಿಎಫ್‌ಎಂ, ಶೇ 76ಕ್ಕೆ ಕಡಿಮೆಯಿರದಿದ್ದರೆ ಭಾರತೀಯ ಮಾನದಂಡದಲ್ಲಿ ಮೊದಲ ದರ್ಜೆ. ಶೇ 70 ಎರಡನೆಯದು, ಶೇ 60 ಮೂರನೆಯದು. ‘ಬಾತಿಂಗ್ ಬಾರ್’ ಎಂದು ಬರೆದದ್ದಕ್ಕೆ ಶೇ 40 ಇದ್ದರೂ ಸಾಕು. ಟಿಎಫ್‌ಎಂ ಹೆಚ್ಚಿದ್ದರೆ ಸೋಪು ನೀರಿನಲ್ಲಿ ಬೇಗ ಕರಗಿಹೋಗದೆ ಹೆಚ್ಚು ದಿನ ಬರುತ್ತದೆ. ಒಂದು ಸೋಪು ಹೆಚ್ಚು ದಿನ ಬಂದರೆ ಅಷ್ಟು ಪೊಟ್ಟಣ ಉಳಿದಂತೆ.

ಕೊಬ್ಬು ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಈಗಿನ ಬಹುತೇಕ ಸೋಪುಗಳ ಮೂಲ ತಾಳೆ ಎಣ್ಣೆ. ಪಟ್ಟಿಯಲ್ಲಿ ‘ಸೋಡಿಯಂ ಪಾಮೇಟ್’ ಎಂದಿರುತ್ತದೆ. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಕಾಡು ಕಡಿದು ಬೆಳೆದ ತಾಳೆಯೋ ಅಲ್ಲವೋ ಎಂದು ತಿಳಿಯಲು 2004ರಲ್ಲಿ ಆರಂಭವಾದ ಆರ್‌ಎಸ್‌ಪಿಒ ಎಂಬ ಸಂಸ್ಥೆಯ ಪ್ರಮಾಣಪತ್ರ ವ್ಯವಸ್ಥೆ ಇದೆ. ಯಾವ ಬ್ರ್ಯಾಂಡನ್ನೇ ಆದರೂ ‘ನಿಮ್ಮ ತಾಳೆ ಎಣ್ಣೆಯಲ್ಲಿ ಪ್ರಮಾಣಿತ ಪಾಲೆಷ್ಟು’ ಎಂದು ಕೇಳಬಹುದು.

ಗಂಧದ ಪ್ರಶ್ನೆ ಇನ್ನೂ ಕುತೂಹಲಕರ. ಶತಮಾನದ ಕಡಿತ ಮತ್ತು ಕಳ್ಳಸಾಗಣೆಯಿಂದ ಕರ್ನಾಟಕದ ಕಾಡಿನ ಗಂಧ ಬರಿದಾಯಿತು. ಶ್ರೀಗಂಧವನ್ನು ಅಪಾಯದಂಚಿನ ಪ್ರಭೇದವೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗುರುತಿಸಲಾಗಿದೆ. ಕೇರಳದ ಮರಯೂರಿನ ಹರಾಜಿನಲ್ಲಿ ಕಂಪನಿ ಗಂಧ ಕೊಳ್ಳುವುದುಂಟು. 2001ರ ಕಾನೂನು ತಿದ್ದುಪಡಿಯಿಂದ ರೈತ ತನ್ನ ಹೊಲದ ಗಂಧಕ್ಕೆ ತಾನೇ ಒಡೆಯನಾದ. ಕಂಪನಿಯೂ ಬೆಳೆಸಲು ಪ್ರೋತ್ಸಾಹ ಕೊಡುತ್ತಿದೆ. ಗಂಧದ ಸಸಿ ಅರೆಪರಾವಲಂಬಿ, ಬೇರಿಗೆ ಆಸರೆಯ ಗಿಡ ಬೇಕು. ಎಳೆಯದರಲ್ಲಿ ಆಸರೆಯಾಗಿ ಶಿಫಾರಸು ಮಾಡುವ ಗಿಡಗಳಲ್ಲಿ ನಮ್ಮ ತೊಗರಿಯೂ ಒಂದು. ಬೀದರ್–ಕಲಬುರಗಿಯ ತೊಗರಿ ಸೀಮೆಗೆ ಇದು ಗಮನಿಸತಕ್ಕ ವಿಷಯ.

ಹಾಗಾದರೆ ಈ ವರ್ಷ ಬಳಸಿದ ಎಣ್ಣೆಯಲ್ಲಿ ರೈತರಿಂದ ಕೊಂಡದ್ದೆಷ್ಟು, ಹರಾಜಿನದೆಷ್ಟು? ಇಲ್ಲಿ ಸರ್ಕಾರಿ ಕಂಪನಿಯ ಗ್ರಾಹಕನಿಗೆ ಖಾಸಗಿ ಬ್ರ್ಯಾಂಡಿನ ಗ್ರಾಹಕನಿಗಿಲ್ಲದ ಒಂದು ಹಕ್ಕಿದೆ: ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 30 ದಿನದೊಳಗೆ ಉತ್ತರ. ಬಸವಕಲ್ಯಾಣದ ಕಾಲೇಜು ವಿದ್ಯಾರ್ಥಿಯೊಬ್ಬ ಮನಸ್ಸು ಮಾಡಿದರೆ ಗಂಧ, ತಾಳೆ ಎಣ್ಣೆ, ಪ್ಲಾಸ್ಟಿಕ್ ಬಗ್ಗೆ ಮೂರು ಅರ್ಜಿ ಹಾಕಿ ಒಳ್ಳೆಯ ಯೋಜನಾ ವರದಿ ಬರೆಯಬಹುದು.

ಖಾಸಗಿಯವರನ್ನು ಹಿಡಿಯುವ ದಾರಿ ಬೇರೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ ವರದಿ ಸಲ್ಲಿಸಲೇಬೇಕು. ಹಿಂದೂಸ್ತಾನ್ ಯೂನಿಲಿವರ್, ಡಾಬರ್, ಗೋದ್ರೆಜ್ ಕನ್ಸ್ಯೂಮರ್‌ಗಳ ವಾರ್ಷಿಕ ವರದಿಯಲ್ಲಿ ಇದು ಸಿಗುತ್ತದೆ. ಅದರ ಆರನೆಯ ತತ್ವದ ಭಾಗದಲ್ಲಿ ನೀರು, ವಿದ್ಯುತ್, ತ್ಯಾಜ್ಯದ ಅಂಕಿಗಳು ಹಿಂದಿನ ವರ್ಷದ ಪಕ್ಕದಲ್ಲೇ ಇರುತ್ತವೆ. ಕಡ್ಡಾಯ ಪ್ರಶ್ನೆಗಳಿಗಷ್ಟೇ ಉತ್ತರಿಸಿ ಐಚ್ಛಿಕ ಪ್ರಶ್ನೆಗಳನ್ನು ಖಾಲಿ ಬಿಟ್ಟವರು ಯಾರೆಂದು ನೋಡುವುದು ಒಳ್ಳೆಯ ಪರೀಕ್ಷೆ. ಷೇರುಪೇಟೆಯಲ್ಲಿಲ್ಲದ, ಇನ್‌ಸ್ಟಾಗ್ರಾಂನಲ್ಲಷ್ಟೇ ಮಿನುಗುವ ಹೊಸ ಬ್ರ್ಯಾಂಡುಗಳಿಗೆ ಈ ಕಟ್ಟಳೆ ಇಲ್ಲ. ಅವರಿಗೆ ನೇರ ಇಮೇಲ್ ಬರೆಯುವುದೇ ಉಪಾಯ.

ಲೇಬಲ್ಲಿನ ಹಿಂದಿನ ಕಾರ್ಖಾನೆ

ಡಬ್ಬಿಯ ಮೇಲೆ ‘ಮಾರ್ಕೆಟೆಡ್ ಬೈ’ ದಪ್ಪಕ್ಷರದಲ್ಲಿ, ‘ಮ್ಯಾನುಫ್ಯಾಕ್ಚರ್ಡ್ ಬೈ’ ಸಣ್ಣಕ್ಷರದಲ್ಲಿ ಇರುತ್ತದೆ. ಓದಬೇಕಾದದ್ದು ಸಣ್ಣಕ್ಷರವನ್ನು. ಮುಂಬೈ, ಗುರುಗ್ರಾಮದ ಬ್ರ್ಯಾಂಡಿಗೆ ಹಿಮಾಚಲದ ಬದ್ದಿಯಲ್ಲೋ ಉತ್ತರಾಖಂಡದ ಹರಿದ್ವಾರದಲ್ಲೋ ಬೇರೆಯವರು ಮಾಲು ತಯಾರಿಸಿ ಕೊಡುವುದು ಸಾಮಾನ್ಯ. ಒಂದೇ ಘಟಕ ಹಲವು ಹೆಸರಿಗೆ ಕೆಲಸ ಮಾಡುವುದೂ ಉಂಟು.

ರಾಸಾಯನಿಕ ಕಾರ್ಖಾನೆಯ ನೆರೆಹೊರೆ ಎಂದರೇನೆಂದು ಹುಮನಾಬಾದ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಮತ್ತು ಔಷಧ ಘಟಕಗಳಿಂದ ಬರುವ ವಾಸನೆ, ತ್ಯಾಜ್ಯನೀರಿನ ಕುರಿತು ಸುತ್ತಲಿನ ಊರುಗಳ ದೂರು ಹಳೆಯದು. ಆ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಪರಿಸರ ಅನುಮತಿ ಪಡೆದ ಯೋಜನೆಗಳು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕು, ಅವು ಸಾರ್ವಜನಿಕ ದಾಖಲೆಗಳು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕಾದ ಕಾರ್ಖಾನೆಗಳು ಪ್ರತಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಪರಿಸರ ಹೇಳಿಕೆ ಸಲ್ಲಿಸಬೇಕು. ಬದ್ದಿಯ ಘಟಕಕ್ಕೂ ಇದೇ ಕಾನೂನು. ಬ್ರ್ಯಾಂಡು ತನ್ನ ತಯಾರಕರ ಈ ದಾಖಲೆಗಳನ್ನು ತಾನಾಗಿಯೇ ವೆಬ್‌ಸೈಟಿಗೆ ಹಾಕಿದ್ದರೆ ಅದನ್ನು ಪಾರದರ್ಶಕ ಎನ್ನಬಹುದು. ಕಾಡಿನ ಚಿತ್ರ ಹಾಕಿದ್ದರೆ ಎನ್ನಬೇಕಾಗಿಲ್ಲ.

ಬಿಳಿ ಮಾಡುವ ಕ್ರೀಮುಗಳ ವಿಷಯದಲ್ಲಿ ಮಾತ್ರ ಪಾರದರ್ಶಕತೆಯ ಕೊರತೆ ನೇರ ಮೂತ್ರಪಿಂಡಕ್ಕೆ ತಟ್ಟುತ್ತದೆ. 2023ರಲ್ಲಿ ಕೇರಳದ ಕೋಟಕ್ಕಲ್‌ನ ವೈದ್ಯರು ಅಪರೂಪದ ಬಗೆಯ ಮೂತ್ರಪಿಂಡ ರೋಗಿಗಳನ್ನು ವಿಚಾರಿಸಿದಾಗ 15 ಮಂದಿಯಲ್ಲಿ 13 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದುದು ತಿಳಿಯಿತು. ಸಂಶಯ ಪಾದರಸದ ಮೇಲೆ. ಅಲ್ಲಿನ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ದಾಳಿ ನಡೆಸಿತು. ನಮ್ಮ ನಿಯಮದಲ್ಲಿ ಕಣ್ಣಿನ ಭಾಗದ ವಸ್ತುಗಳ ಹೊರತು ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ 1 ಭಾಗ ಮೀರಬಾರದು. ಪಾದರಸ ಮುಖ ತೊಳೆದ ನೀರಿನೊಂದಿಗೆ ಹೊಳೆಗೆ ಹೋಗಿ ಮೀನಿನ ಮೈ ಸೇರುತ್ತದೆ. ಆಮದು ಕ್ರೀಮಿನ ಮೇಲೆ ನೋಂದಣಿ ಪತ್ರದ ಸಂಖ್ಯೆ, ಭಾರತದ ಆಮದುದಾರನ ಹೆಸರು–ವಿಳಾಸ ಇರಲೇಬೇಕು. ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ನಕಲಿಯ ಕಾಟವೂ ಇದೆ. 2024ರ ಜನವರಿಯಲ್ಲಿ ಹೈದರಾಬಾದ್‌ನ ಮಲಕ್‌ಪೇಟ್‌ನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನಿನ ಘಟಕ ಸಿಕ್ಕಿಬಿತ್ತು. ವಶವಾದ ಮಾಲಿನ ಮೌಲ್ಯ ಸುಮಾರು 2 ಕೋಟಿ ರೂಪಾಯಿ. ಆ ಪೇಟೆಯಿಂದ ಹುಮನಾಬಾದ್‌ಗೆ ನೇರ ಹೆದ್ದಾರಿ. ಎಂದಿಗಿಂತ ತೀರಾ ಕಡಿಮೆ ಬೆಲೆಗೆ, ಬಿಲ್ಲಿಲ್ಲದೆ ಸಿಗುವ ಮಾಲಿನ ಲೇಬಲ್ ಓದಿ ಪ್ರಯೋಜನವಿಲ್ಲ.

ಸಂಶಯ ಬಂದರೆ ಮಾಡುವುದೇನು? ಸುಳ್ಳು ಹಸಿರು ಜಾಹೀರಾತಿನ ಬಗ್ಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬೀದರ್ ಜಿಲ್ಲಾಧಿಕಾರಿಗೇ ಲಿಖಿತ ದೂರು ಕೊಡಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. ಕೊಂಡ ಕ್ರೀಮನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕನ್ನು 1940ರ ಕಾಯ್ದೆಯ 26ನೆಯ ಸೆಕ್ಷನ್ ಪ್ರತಿಯೊಬ್ಬರಿಗೂ ಕೊಟ್ಟಿದೆ. ಒಬ್ಬರಿಗೆ ಖರ್ಚು ಹೆಚ್ಚೆನಿಸಿದರೆ ಸ್ತ್ರೀಶಕ್ತಿ ಸಂಘವೊಂದು ಸೇರಿ ಮಾಡಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವ ಮೊದಲು ಬಿಲ್ಲನ್ನೂ ಖಾಲಿ ಪಾಕೀಟನ್ನೂ ಎತ್ತಿಟ್ಟುಕೊಂಡಿರಿ; ಅವರು ಬ್ಯಾಚ್ ನಂಬರ್ ಕೇಳಿದರೆ ಅದು ಸಿಗುವುದು ಪಾಕೀಟಿನ ಮೇಲೆಯೇ.